ಬಣ್ಣದ ಕೆಳಗಿನ ತುಕ್ಕಿಗೆ ಯಾರು ಹೊಣೆ?

ಇನ್ನಂಜೆಯಿಂದ ಕಾಪು ಕಡಲು ಕೆಲವೇ ಕಿಲೋಮೀಟರ್. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಹೆದ್ದಾರಿ 66ರಲ್ಲಿ ಮೀನು ಲಾರಿ ಸುರಿಸುವ ನೀರು: ಇಲ್ಲಿ ಕಬ್ಬಿಣಕ್ಕೆ ಮೂರು ಕಡೆಯಿಂದ ಏಟು. ಹಳೇ ಅಂಬಾಸಿಡರ್, ಪದ್ಮಿನಿ ಹುಡುಕೋ ನಮ್ಮ ಹುಡುಗರು ನೋಡೋದು ಮಾತ್ರ ಬಣ್ಣ.

ತುಕ್ಕು ಕೂರೋದು ಮ್ಯಾಟ್ ಅಡಿಯಲ್ಲಿ, ಬಾಗಿಲ ತಳದಲ್ಲಿ, ಜಾಕ್ ಕೊಡುವ ಜಾಗದಲ್ಲಿ, ಸ್ಟೆಪ್ನಿ ಗುಂಡಿಯಲ್ಲಿ. ತೂತಿಗೆ ಪುಟ್ಟಿ ತುಂಬಿ ಪೇಂಟ್ ಹೊಡೆದರೆ ಕಣ್ಣಿಗೆ ಕಾಣಲ್ಲ. ಅಯಸ್ಕಾಂತ ಇಟ್ಟು ನೋಡಿ, ದಪ್ಪ ಪುಟ್ಟಿ ಮೇಲೆ ಅಂಟಲ್ಲ. ಸೀಟು, ಬೆಲ್ಟು ನಿಂತಿರೋದು ಇದೇ ತಗಡಿನ ಮೇಲೆ. ಅಪಘಾತದಲ್ಲಿ ಕೈಕೊಡೋದೂ ಇದೇ.

ಇದು ನೀತಿಯ ಪ್ರಶ್ನೆಯೂ ಹೌದು. 2021ರ ಕೇಂದ್ರ ನಿಯಮ 50 ವರ್ಷ ದಾಟಿದ ವಾಹನಕ್ಕೆ 'ವಿಂಟೇಜ್' ಮಾನ್ಯತೆ ಕೊಡುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ. ಷರತ್ತು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಒಣಹವೆಯ ಊರಿಗೆ ಇದು ಸಲೀಸು. ಕರಾವಳಿಯಲ್ಲಿ ಕೊಳೆತ ಭಾಗ ಕತ್ತರಿಸದಿದ್ದರೆ ಕಾರು ಉಳಿಯಲ್ಲ. ತೀರಾ ಜಾಸ್ತಿ ಬದಲಿಸಿದರೆ ಮಾನ್ಯತೆಗೇ ಕುತ್ತು.

15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಆ ಶುಲ್ಕ ವಯಸ್ಸಿನದ್ದು, ತುಕ್ಕಿನದ್ದಲ್ಲ. ಇನ್ನು 1930ರ ಸರಕು ಮಾರಾಟ ಕಾಯ್ದೆಯ ಮೂಲ ತತ್ವವೇ 'ಕೊಳ್ಳುವವನೇ ನೋಡಿಕೊಳ್ಳಬೇಕು' ಅನ್ನೋದು.

ಕರಾವಳಿ ಜಿಲ್ಲೆಗಳಲ್ಲಾದರೂ ಹಳೇ ಕಾರಿನ ಮಾಲೀಕತ್ವ ವರ್ಗಾವಣೆಗೆ ಅಡಿಭಾಗದ ತಪಾಸಣಾ ವರದಿ ಕಡ್ಡಾಯವಾಗಲಿ. ಅಲ್ಲಿವರೆಗೆ, ಕಾರನ್ನು ರ್‍ಯಾಂಪ್‌ಗೆ ಏರಿಸಿ ಅಡಿ ನೋಡದೆ ಅಡ್ವಾನ್ಸ್ ಕೊಡಬೇಡಿ.