ಮಂಗಳವಾದ್ಯದವರ ಎಲೆ ಎಲ್ಲಿ?

ವಾಲಗವಿಲ್ಲದೆ ನಿಮ್ಮ ಧಾರೆ ನಡೆಯುವುದಿಲ್ಲ. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿದ ಕೂಡಲೇ ಡೋಲು, ನಾದಸ್ವರ ಒಟ್ಟಿಗೆ ಏರಬೇಕು. ಯಾರೋ ಸೀನಿದ್ದು, ಯಾರೋ ಆಡಿದ ಕೆಟ್ಟ ಮಾತು ತಾಳಿ ಕಟ್ಟುವ ಗಳಿಗೆಯಲ್ಲಿ ಮದುಮಕ್ಕಳ ಕಿವಿಗೆ ಬೀಳಬಾರದು. ಅದಕ್ಕೆ ನಮ್ಮ ಸದ್ದು ಬೇಕು. ಸದ್ದು ಮಂಗಳ. ಆ ಸದ್ದು ಮಾಡಿದವನು ಮಾತ್ರ ಊಟದ ಹಾಲಿನ ಬಾಗಿಲಲ್ಲಿ, ಕೊನೇ ಪಂಕ್ತಿ ಏಳುವುದನ್ನು ಕಾಯುತ್ತ ನಿಂತಿರುತ್ತಾನೆ.

ನಾನು ವಾಲಗದ ಮನೆಯ ಮಗ. ಅಪ್ಪ ನಾದಸ್ವರ, ನಾನು ಡೋಲು. ಕ್ಷೌರದ ಪೆಟ್ಟಿಗೆ, ನಾದಸ್ವರದ ಚೀಲ ಎರಡೂ ಒಂದೇ ಗೂಟಕ್ಕೆ ತೂಗುತ್ತಿದ್ದ ಮನೆ ನಮ್ಮದು. ನಮ್ಮ ಕಡೆ ಸವಿತಾ ಸಮಾಜದವರು, ಕರಾವಳಿಯ ದೇವಸ್ಥಾನಗಳಲ್ಲಿ ದೇವಾಡಿಗರು, ಉತ್ತರ ಕರ್ನಾಟಕದಲ್ಲಿ ಸನಾದಿ ಊದುವ ಭಜಂತ್ರಿಗಳು, ಊರೂರಿನಲ್ಲೂ ತಮಟೆ ಹಲಗೆಯ ದಲಿತರು. ಈ ಹಂಚಿಕೆ ತಾನಾಗಿ ಆದದ್ದಲ್ಲ. ಊದುವ ವಾದ್ಯಕ್ಕೆ ಎಂಜಲು ತಾಗುತ್ತದೆ, ಬಡಿಯುವ ವಾದ್ಯಕ್ಕೆ ಚರ್ಮ ಬೇಕು. ಎಂಜಲನ್ನೂ ಚರ್ಮವನ್ನೂ ಕೆಳಗಿನವರಿಗೆ ಬಿಟ್ಟು, ಅದರಿಂದ ಹುಟ್ಟಿದ ನಾದವನ್ನು ಮಾತ್ರ ಮೇಲಿನವರು ತಮ್ಮ ದೇವರಿಗೆ, ತಮ್ಮ ಮಕ್ಕಳ ಮದುವೆಗೆ ಇಟ್ಟುಕೊಂಡರು.

ಒಂದು ಮದುವೆಯ ಲೆಕ್ಕ ಕೇಳಿ. ಹಿಂದಿನ ಸಂಜೆ ವರಪೂಜೆಗೆ ಹಾಜರಿರಬೇಕು. ಗಂಡಿನ ಕಡೆಯವರ ಬಸ್ಸು ಎಷ್ಟು ತಡವಾದರೂ ಛತ್ರದ ಬಾಗಿಲಲ್ಲಿ ಡೋಲು ಹೆಗಲಿಗೆ ಹಾಕಿಕೊಂಡೇ ನಿಂತಿರಬೇಕು. ಆರತಕ್ಷತೆ ಮುಗಿಯುವ ಹೊತ್ತಿಗೆ ಮಧ್ಯರಾತ್ರಿ. ಮಲಗಲು ರೂಮಿಲ್ಲ; ಬೀಗರಿಗೇ ರೂಮು ಸಾಲದು ಎನ್ನುತ್ತಾರೆ. ಎತ್ತಿಟ್ಟ ಕುರ್ಚಿಗಳ ಪಕ್ಕ ಜಮಖಾನದ ಮೇಲೆ ಉರುಳಿಕೊಂಡರೆ ನಾಲ್ಕಕ್ಕೆ ಎಬ್ಬಿಸುತ್ತಾರೆ. ಅರಿಶಿನ ಎಣ್ಣೆಗೆ, ಗೌರಿಪೂಜೆಗೆ, ಕಾಶಿಯಾತ್ರೆಗೆ, ಧಾರೆಗೆ ನುಡಿಸಬೇಕು. ಡೋಲಿನ ಬಲಗಡೆಗೆ ಬೆರಳುಗಳಿಗೆ ಗಟ್ಟಿ ಕವಚ ಸಿಕ್ಕಿಸಿ ಬಾರಿಸುತ್ತೇವೆ, ಎಡಗಡೆಗೆ ಕೋಲು. ಎರಡು ಮುಹೂರ್ತ ಒಂದರ ಹಿಂದೊಂದು ಬಂದರೆ ಕವಚದೊಳಗೆ ಉಗುರಿನ ಬುಡ ಒಡೆದು ರಕ್ತ ಅಂಟಿಕೊಳ್ಳುತ್ತದೆ. ಅಪ್ಪನ ತುಟಿಯ ಒಳಗಡೆ ಪೀಪಿ ಒತ್ತಿ ಒತ್ತಿ ಕಾಯಿಕಟ್ಟಿತ್ತು. ಬಿಸಿ ಸಾರು ಕುಡಿಯುವಾಗ ಮುಖ ಕಿವುಚುತ್ತಿದ್ದರು. ಇಷ್ಟಾದ ಮೇಲೆ ದುಡ್ಡು ಕೇಳಲು ಹೋದರೆ ಯಜಮಾನರು ಸಿಗುವುದಿಲ್ಲ. ಭಾವನ ಹತ್ತಿರ ಕೇಳಿ ಎನ್ನುತ್ತಾರೆ, ಭಾವ ಚಿಕ್ಕಪ್ಪನ ಕಡೆ ಕೈ ತೋರಿಸುತ್ತಾನೆ. ಫೋಟೋದವನಿಗೆ, ಡೆಕೋರೇಷನ್ನಿನವನಿಗೆ ಬಿಲ್ಲು ಇದೆ. ನಮಗೆ ಇರುವುದು "ಖುಷಿಯಾಗಿ ಕೊಟ್ಟಿದ್ದು ತಗೊಳ್ಳಯ್ಯ" ಎಂಬ ಮಾತು.

ಹಾಗಾದರೆ ಯಾಕೆ ನುಡಿಸುತ್ತೀರಿ ಎಂದು ಕೇಳುವವರಿದ್ದಾರೆ. ಹೊಟ್ಟೆಪಾಡು ಅಂದರೆ ಅರ್ಧ ಸುಳ್ಳಾಗುತ್ತದೆ. ಬೆಳಗಿನ ಜಾವ ಛತ್ರದಲ್ಲಿ ಇನ್ನೂ ಯಾರೂ ಎದ್ದಿಲ್ಲದಾಗ ಅಪ್ಪ ಭೂಪಾಳ ಹಿಡಿದರೆ ಅಡುಗೆಮನೆಯ ಕೊಪ್ಪರಿಗೆಗಳ ಸದ್ದು ನಿಂತುಹೋಗುತ್ತಿತ್ತು. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಲ್ಲುತ್ತಿದ್ದರು. ಕಲ್ಯಾಣಿಯನ್ನು ಅಪ್ಪ ಒಂದೊಂದೇ ಮೆಟ್ಟಿಲು ಹತ್ತಿಸಿ ಮೇಲಿನ ಷಡ್ಜದಲ್ಲಿ ನಿಲ್ಲಿಸಿದಾಗ, ಅಲ್ಲಿಗೆ ಸರಿಯಾಗಿ ನನ್ನ ಮುಕ್ತಾಯ ಬಂದು ಕೂತರೆ, ಆ ಕ್ಷಣದಲ್ಲಿ ನನಗಿಂತ ಎತ್ತರದ ಮನುಷ್ಯ ಆ ಛತ್ರದಲ್ಲಿ ಇರಲಿಲ್ಲ. ಆ ಸುಖ ನನ್ನದು. ಅದನ್ನು ಯಾವ ಯಜಮಾನನೂ ನನಗೆ ಕೊಟ್ಟದ್ದಲ್ಲ, ಅದರ ಹೆಸರಿನಲ್ಲಿ ನನ್ನ ಕೂಲಿ ಮುರಿದುಕೊಳ್ಳುವ ಹಕ್ಕೂ ಯಾರಿಗೂ ಇಲ್ಲ.

ಮೆರವಣಿಗೆಯಲ್ಲಿ ಬ್ಯಾಂಡ್ ಸೆಟ್ಟಿನ ಹುಡುಗರಿಗೆ ಆಗುವುದನ್ನು ನೀವೆಲ್ಲ ನೋಡಿದ್ದೀರಿ, ನೋಡಿ ನಕ್ಕಿದ್ದೀರಿ. ಮದುಮಗನ ಕುಡಿದ ಗೆಳೆಯ ಹತ್ತು ರೂಪಾಯಿ ನೋಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಟ್ರಂಪೆಟ್ ಊದುತ್ತಿರುವವನ ಮುಖಕ್ಕೆ ಮುಖ ತಂದು, ಬಾಯಿಂದಲೇ ಕಿತ್ತುಕೋ ಎನ್ನುತ್ತಾನೆ. ತಮಟೆಯವನ ಮುಂದೆ ನೋಟು ನೆಲಕ್ಕೆ ಬಿಸಾಡಿ, ಬಾರಿಸುತ್ತಲೇ ಹಿಂದಕ್ಕೆ ಬಾಗಿ ಎತ್ತು ಎನ್ನುತ್ತಾನೆ. ಸುತ್ತ ಮೊಬೈಲು ಹಿಡಿದವರು ಕೇಕೆ ಹಾಕುತ್ತಾರೆ. ಇದಕ್ಕೆ ಭಕ್ಷೀಸು ಎಂಬ ಹೆಸರು ಬೇರೆ.

ತಮಟೆಯವರ ಪಾಡು ನಮ್ಮದಕ್ಕಿಂತ ಕ್ರೂರ. ನಮಗೆ ಕೊನೇ ಪಂಕ್ತಿಯಾದರೂ ಉಂಟು, ಅವರಿಗೆ ಛತ್ರದ ಹಿಂದಿನ ಬಯಲು. ಜಾತ್ರೆಗೆ, ಸಾವಿಗೆ, ಊರ ಸಾರುವುದಕ್ಕೆ ಬಿಟ್ಟಿ ಬಡಿಯಬೇಕು. ವರ್ಷಕ್ಕೊಮ್ಮೆ ಕಣದಲ್ಲಿ ಒಂದಿಷ್ಟು ರಾಗಿ ಅಳೆದರೆ ಮುಗಿಯಿತು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಕೇರಿಯ ಹುಡುಗರು ಇನ್ನು ಬಿಟ್ಟಿ ಬಡಿಯುವುದಿಲ್ಲ ಎಂದರು. ಹಾಗೆ ಅಂದ ಕೇರಿಗಳಿಗೆ ಅಂಗಡಿಯ ಸಾಮಾನು, ಹಿಟ್ಟಿನ ಗಿರಣಿ, ಕೂಲಿ ಎಲ್ಲ ಬಂದ್ ಆದವು. ಬಿಟ್ಟಿ ಚಾಕರಿಯನ್ನು ಸಂವಿಧಾನದ 23ನೇ ವಿಧಿ 1950ರಲ್ಲೇ ನಿಷೇಧಿಸಿದೆ. ದಲಿತರಿಗೆ ಬಹಿಷ್ಕಾರ ಹಾಕುವುದನ್ನು ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ನೇರವಾಗಿ ಅಪರಾಧದ ಪಟ್ಟಿಗೆ ಸೇರಿಸಿತು. ಅರವತ್ತೈದು ವರ್ಷ ಬೇಕಾಯಿತು ಅದಕ್ಕೆ! ಇಷ್ಟೆಲ್ಲ ಇದ್ದರೂ ಹಬ್ಬದ ಹಿಂದಿನ ದಿನ ಕೇರಿಗೆ ಬರುವ ಕರೆಯ ಧ್ವನಿ ಇನ್ನೂ ಅಪ್ಪಣೆಯದೇ.

ನಮ್ಮನ್ನು ಮೆರೆಸುವುದಕ್ಕೆ ಮಾತ್ರ ಯಾರೂ ಹಿಂದೆ ಬಿದ್ದಿಲ್ಲ. 1977ರಲ್ಲಿ 'ಸನಾದಿ ಅಪ್ಪಣ್ಣ' ಬಂದಾಗ ಇಡೀ ನಾಡು ಥಿಯೇಟರಿನಲ್ಲಿ ಕೂತು ಕಣ್ಣೀರಿಟ್ಟಿತು. ಸನಾದಿ ಹಿಡಿದವರು ರಾಜ್‌ಕುಮಾರ್, ಶಹನಾಯಿ ನುಡಿಸಿದವರು ಬಿಸ್ಮಿಲ್ಲಾ ಖಾನ್. ಅದೇ ಜನ ತಮ್ಮ ಮನೆ ಮದುವೆಗೆ ಬಂದ ಸನಾದಿಯವನನ್ನು ಹೊರಗೆ ಕೂರಿಸಿದರು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಎದೆಯುಬ್ಬಿತು, ನಿಜ. ಆದರೆ ದೆಹಲಿಯಲ್ಲಿ ಒಬ್ಬರಿಗೆ ಪದಕ ತೊಡಿಸಿ, ಊರಿನಲ್ಲಿ ಮಿಕ್ಕವರಿಗೆ ಬೇರೆ ಲೋಟ ಇಡುವುದನ್ನು ಗೌರವ ಎಂದು ನಾನು ಒಪ್ಪಲಾರೆ. ರಥಸಪ್ತಮಿಯಂದು ಸರ್ಕಾರ ಸವಿತಾ ಮಹರ್ಷಿ ಜಯಂತಿ ಮಾಡುತ್ತದೆ. ವೇದಿಕೆಯಲ್ಲಿ ಹಾರ ಹಾಕಿಸಿಕೊಂಡವರ ಮನೆಯ ಮದುವೆಗೂ ನಾವು ನುಡಿಸಿದ್ದೇವೆ. ಎಲೆಯ ವಿಷಯದಲ್ಲಿ ಅವರ ಮನೆ ಬೇರೆಯವರ ಮನೆಗಿಂತ ಬೇರೆಯಾಗಿರಲಿಲ್ಲ.

ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆಯಿಲ್ಲ, ನಮಗೆ ಕೆಲಸವಿಲ್ಲ. ಲಗ್ನದ ಕಾಲದಲ್ಲಿ ದುಡಿದದ್ದರಲ್ಲೇ ಆ ತಿಂಗಳುಗಳು ಕಳೆಯಬೇಕು. 2020ರಲ್ಲೂ 2021ರಲ್ಲೂ ಲಾಕ್‌ಡೌನ್ ಬಿದ್ದದ್ದು ಸರಿಯಾಗಿ ವೈಶಾಖದ ಲಗ್ನಗಳ ಮೇಲೆ. ಎರಡನೇ ಸಲ ಸರ್ಕಾರ ಕಲಾವಿದರಿಗೆಂದು ಘೋಷಿಸಿದ್ದು 3,000 ರೂಪಾಯಿ. ಅದನ್ನು ಪಡೆಯಲು ಕಲಾವಿದ ಎಂದು ರುಜುವಾತು ಮಾಡಬೇಕು. ಹರೆಯದಿಂದ ಡೋಲು ಹೊತ್ತು ಹೆಗಲ ಮೇಲೆ ಬಾರು ಕೂತ ಗುರುತಿದೆ. ಅದಕ್ಕೆ ಯಾವ ಕಚೇರಿಯೂ ಸೀಲು ಹಾಕುವುದಿಲ್ಲ. ಈಗ ಡಿಜೆ ಬಂದಿದೆ. ಸ್ಪೀಕರಿಗೆ ಸಾವಿರಾರು ರೂಪಾಯಿಯನ್ನು ಚೌಕಾಸಿಯಿಲ್ಲದೆ ಎಣಿಸಿಕೊಡುವವರು ನಮ್ಮ ಹತ್ತಿರ ಬಂದಾಗ, ಆರು ಜನ ಯಾಕೆ, ನಾಲ್ಕು ಸಾಕಲ್ಲ ಎನ್ನುತ್ತಾರೆ. ಶ್ರುತಿಯವನನ್ನೂ ತಾಳದವನನ್ನೂ ಬಿಟ್ಟು ಬರಬೇಕಂತೆ.

ನಮ್ಮ ಮಕ್ಕಳು ಈ ಕಸುಬು ಬಿಡಲಿ ಎಂದು ನಾನು ಹೇಳುವುದಿಲ್ಲ. ಅವಮಾನ ಮಾಡಿದವರು ಹಾಯಾಗಿದ್ದು, ವಿದ್ಯೆ ಇದ್ದವರೇ ಯಾಕೆ ಅದನ್ನು ಹೂಳಬೇಕು? ಇಷ್ಟವಿದ್ದವನು ಕಲಿಯಲಿ, ಯಾವ ಜಾತಿಯವನಾದರೂ ಬಂದು ಕಲಿಯಲಿ. ಬ್ರಾಹ್ಮಣರ ಹುಡುಗ ತಮಟೆ ಕಾಯಿಸಲಿ, ಗೌಡರ ಹುಡುಗಿ ಡೋಲು ಹೊರಲಿ. ಇಷ್ಟವಿಲ್ಲದವನನ್ನು ಊರ ಹೆಸರಲ್ಲಿ, ದೇವರ ಹೆಸರಲ್ಲಿ ಯಾರೂ ಎಳೆಯಕೂಡದು.

ಬರುವ ಮಾಘದ ಲಗ್ನಗಳಿಗೆ ನಮ್ಮ ಸೆಟ್ಟಿನವರು ಕೂತು ತೀರ್ಮಾನ ಮಾಡಿದ್ದೇವೆ. ಮಾತಾದ ದುಡ್ಡಿನಲ್ಲಿ ಅರ್ಧ ವೀಳ್ಯದ ದಿನವೇ ಕೊಡಬೇಕು, ಉಳಿದರ್ಧ ಧಾರೆಗೆ ಮುಂಚೆ. ಮಲಗಲು ಬಾಗಿಲಿರುವ ಒಂದು ಕೋಣೆ. ನೆಲಕ್ಕೆ ಬಿಸಾಡಿದ ನೋಟನ್ನು ನಮ್ಮಲ್ಲಿ ಯಾರೂ ಬಗ್ಗಿ ಎತ್ತುವುದಿಲ್ಲ. ಊಟ ಮೊದಲನೇ ಪಂಕ್ತಿಯಲ್ಲಿ, ಬೀಗರ ಸಾಲಿನಲ್ಲೇ, ನಮ್ಮ ಜೊತೆಗೆ ತಮಟೆಯವರಿಗೂ ಎಲೆ. ಇದು ಒಪ್ಪಿಗೆಯಾಗದವರ ವೀಳ್ಯವನ್ನು ನಾವು ಮುಟ್ಟುವುದಿಲ್ಲ.