ಗುಂಡು ಹಾರದ ಯುದ್ಧ

ಯುದ್ಧವೆಂದರೆ ಗಡಿಯಲ್ಲಿ ತೋಪು ಗುಡುಗುವುದೆಂದು ತಿಳಿದಿದ್ದ ಕಾಲ ಹೋಯಿತು. ವೈರಿ ದೇಶದ ವಿದ್ಯುತ್ ಕೆಡಿಸುವುದು, ಬ್ಯಾಂಕಿನ ಲೆಕ್ಕ ಕಲಕುವುದು, ಸುಳ್ಳು ಹಬ್ಬಿಸಿ ನೆರೆಹೊರೆಯವರನ್ನು ಹೊಡೆದಾಡಿಸುವುದು, ಇವೂ ಈಗ ಯುದ್ಧದ ಅಂಗಗಳೇ. ಪಂಡಿತರು ಇದಕ್ಕೆ 'ಮಿಶ್ರ ಯುದ್ಧ'ವೆಂದು ಹೆಸರಿಟ್ಟಿದ್ದಾರೆ. ಹುಣಸೂರು, ಪಿರಿಯಾಪಟ್ಟಣದ ಜನಕ್ಕೆ ಇದು ದೂರದ ಮಾತಲ್ಲ.

2012ರ ಆಗಸ್ಟ್ ತಿಂಗಳನ್ನು ನೆನೆಯೋಣ. ಅಸ್ಸಾಮಿನಲ್ಲಿ ಗಲಭೆಯಾಗಿತ್ತು. ಮೈಸೂರಿನಲ್ಲಿ ಟಿಬೆಟಿನ ಯುವಕನೊಬ್ಬನಿಗೆ ಇರಿತವಾಯಿತು. ಈಶಾನ್ಯದವರ ಮೇಲೆ ಸೇಡು ತೀರುತ್ತದೆಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕಾವಲು ಕಾಯುತ್ತ, ಹೋಟೆಲುಗಳಲ್ಲಿ ದುಡಿಯುತ್ತ ಹೊಟ್ಟೆ ಹೊರೆಯುತ್ತಿದ್ದ ಸಾವಿರಾರು ಬಡವರು ಸಂಬಳ ಬಿಟ್ಟು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು.

ವದಂತಿಯ ಬಹುಪಾಲು ಚಿತ್ರಗಳು ಪಾಕಿಸ್ತಾನದಿಂದ ಬಂದವೆಂದು ಕೇಂದ್ರ ಗೃಹ ಕಾರ್ಯದರ್ಶಿಗಳು ಹೇಳಿದರು, ಪಾಕಿಸ್ತಾನ ಅಲ್ಲಗಳೆಯಿತು. ಸರ್ಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸದಂತೆ ಹದಿನೈದು ದಿನ ತಡೆ ಹಾಕಿತು. ವಿದೇಶದ ಕೈವಾಡ ಇದ್ದಿರಬಹುದು. ಆದರೆ 2018ರಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಒಬ್ಬ ಅಮಾಯಕನ ಜೀವ ತೆಗೆದಾಗ ಯಾವ ವಿದೇಶದ ಕೈಯೂ ಬೇಕಾಗಲಿಲ್ಲ. ಕಿಡಿ ಎಲ್ಲಿಂದಲಾದರೂ ಬರಲಿ, ಒಣಹುಲ್ಲು ನಮ್ಮ ಅಂಗಳದ್ದೇ.

ಜಗತ್ತು ಏನು ಮಾಡಿದೆ? 2007ರಲ್ಲಿ ಎಸ್ಟೋನಿಯದ ಬ್ಯಾಂಕು, ಪತ್ರಿಕೆ, ಸರ್ಕಾರಗಳ ಕಂಪ್ಯೂಟರುಗಳ ಮೇಲೆ ದಾಳಿಯಾದ ಮರುವರ್ಷ ನೇಟೋ ಕೂಟ ಟಾಲಿನ್ನಿನಲ್ಲಿ ರಕ್ಷಣಾ ಕೇಂದ್ರಕ್ಕೆ ಮನ್ನಣೆ ಕೊಟ್ಟಿತು. 2017ರಲ್ಲಿ ಹೆಲ್ಸಿಂಕಿಯಲ್ಲಿ ಇನ್ನೊಂದು ಕೇಂದ್ರ ಎದ್ದಿತು. 2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಸೈಬರ್ ಅಪರಾಧದ ಒಪ್ಪಂದಕ್ಕೆ ಒಪ್ಪಿಗೆಯಿತ್ತಿತು. ಆದರೆ ಅಪರಾಧ ತಡೆಯುವ ಹೆಸರಿನಲ್ಲಿ ಸರ್ಕಾರಗಳು ತಮ್ಮದೇ ಪ್ರಜೆಗಳ ಬಾಯಿ ಕಟ್ಟಿಯಾವೆಂಬ ಹೆದರಿಕೆಯೂ ಲೋಕದಲ್ಲಿ ಎದ್ದಿದೆ. ಅದು ಸುಳ್ಳು ಹೆದರಿಕೆಯಲ್ಲ.

ನಮ್ಮ ಬೇಡಿಕೆ ಸರಳ. ವದಂತಿ ಹುಟ್ಟಿದ ಗಂಟೆಯೊಳಗೇ ಜಿಲ್ಲಾಡಳಿತ ಕನ್ನಡದಲ್ಲಿಯೂ ವಲಸೆ ಬಂದವರ ಭಾಷೆಯಲ್ಲಿಯೂ ನಿಜ ಸಂಗತಿ ಸಾರಬೇಕು. ಹೊರದೇಶವನ್ನು ದೂರುವ ಸರ್ಕಾರ ಶಾಸನಸಭೆಯ ಮುಂದೆ ಸಾಕ್ಷ್ಯ ಇಡಬೇಕು. ಕಾರ್ಮಿಕ ಸಂಘ ಮತ್ತು ವರ್ತಕರ ಸಂಘಗಳು ಕೂಡಿ ಊರೂರಿಗೆ ಶಾಂತಿ ಸಮಿತಿ ಕಟ್ಟಬೇಕು; ಬೈಲಕುಪ್ಪೆಯ ಟಿಬೆಟಿಗರನ್ನೂ ಅದರಲ್ಲಿ ಕೂರಿಸಬೇಕು.

ಗಲಭೆಯಾದರೆ ಮೊದಲು ಮುಚ್ಚುವುದು ಸಣ್ಣ ವ್ಯಾಪಾರಿಯ ಅಂಗಡಿ, ಮೊದಲು ಹೋಗುವುದು ಕೂಲಿಯವನ ದಿನಗೂಲಿ. ಕಟ್ಟೆಮಳಲವಾಡಿಯ ತಂಬಾಕು ಹರಾಜಿನಲ್ಲಿ ಬೇಲಿನ ಎಲೆ ನೋಡದೆ ಯಾರೂ ಬೆಲೆ ಹಾಕುವುದಿಲ್ಲ. ಮೊಬೈಲಿಗೆ ಬಂದ ಸುದ್ದಿಗೂ ಅದೇ ನ್ಯಾಯವಿರಲಿ.