ಬರದ ಲೆಕ್ಕಕ್ಕೆ ಬಾರದ ಗಳಿಗೆಗಳು

ಮಳೆಯ ಕೃಪೆಯನ್ನೇ ನೆಚ್ಚಿ ರಾಗಿ ತೆಂಗುಗಳನ್ನು ಬೆಳೆಯುವ ಅರಸೀಕೆರೆ ಸೀಮೆಯ ಹಾರನಹಳ್ಳಿಯಂತಹ ಊರಿಗೆ ಬರವು ಬಂದಿತೆಂಬುದನ್ನು ಸರ್ಕಾರವು ಮಳೆಯ ಮಿಲಿಮೀಟರುಗಳಿಂದಲೂ, ಮಣ್ಣಿನ ತೇವಾಂಶದಿಂದಲೂ, ಬಿತ್ತನೆಯ ವಿಸ್ತೀರ್ಣದಿಂದಲೂ ನಿರ್ಣಯಿಸುವುದುಂಟು. ಕೊಳವೆಬಾವಿ ಬತ್ತಿದ ಮರುದಿನದಿಂದ ನೀರಿಗಾಗಿ ಗೃಹಿಣಿಯು ತೆರುವ ಹೆಚ್ಚಿನ ಗಳಿಗೆಗಳಿಗೆ ಮಾತ್ರ ಆ ಗಣನೆಯಲ್ಲಿ ಸ್ಥಾನವಿಲ್ಲ. ಮಳೆಯಾಶ್ರಿತ ಬೆಳೆ ನಷ್ಟವಾದರೆ (2023ರಲ್ಲಿ ಹೆಕ್ಟೇರಿಗೆ 8,500 ರೂಪಾಯಿಯಂತೆ, ಎರಡು ಹೆಕ್ಟೇರಿನ ಮಿತಿಯಲ್ಲಿ) ಸಲ್ಲುವ ಪರಿಹಾರವು ಪಹಣಿಯಲ್ಲಿ ಹೆಸರುಳ್ಳವರನ್ನು ಅರಸಿ ಹೋಗುತ್ತದೆ. ಆ ಹೆಸರು ಬಹುಮಟ್ಟಿಗೆ ಗಂಡಸಿನದು, ಹೊಲದಲ್ಲಿ ಬಾಗಿ ಕಳೆ ಕಿತ್ತ ಬೆನ್ನು ಬಹುಮಟ್ಟಿಗೆ ಹೆಂಗಸಿನದು.

ಹೆಂಗಸರು ತೆರುವ ಈ ಹೊತ್ತನ್ನು ಅಳೆಯಲಾಗದೆಂಬ ವಾದಕ್ಕೆ ಹುರುಳಿಲ್ಲ. 2019ರ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆಯು ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷಗಳನ್ನೂ, ತೊಡಗಿದ ಗಂಡಸರು 97 ನಿಮಿಷಗಳನ್ನೂ ವ್ಯಯಿಸುವರೆಂದು ಕಂಡುಕೊಂಡಿತು. ಆದರೆ ಆ ದೇಶವ್ಯಾಪಿ ಸರಾಸರಿಯು 2023ರಂತಹ ಬರದ ವರ್ಷದಲ್ಲಿ ಒಂದು ಊರಿನ ಬವಣೆಯನ್ನು ಹೇಳಲಾರದು. ಆದುದರಿಂದ ಬರದ ಸಮೀಕ್ಷೆಯ ನಮೂನೆಯಲ್ಲಿ, ನೀರು ತರುವವರು ಯಾರು, ಅದಕ್ಕೆ ದಿನಕ್ಕೆಷ್ಟು ಹೊತ್ತು, ಆ ಹೊತ್ತಿನಲ್ಲಿ ಕಳೆದ ಕೂಲಿ ಎಷ್ಟು, ಶಾಲೆ ತಪ್ಪಿಸಿಕೊಂಡ ಹುಡುಗಿಯರೆಷ್ಟು ಎಂಬ ಕಲಮುಗಳನ್ನು ಸೇರಿಸಬೇಕು. ಒಣಗಿದ ತೆಂಗಿನ ಮರಗಳನ್ನು ಎಣಿಸಬಲ್ಲ ಗ್ರಾಮ ಆಡಳಿತಾಧಿಕಾರಿಗಳಿಗೆ ಇದು ದುಸ್ಸಾಧ್ಯವೆಂದು ನಾನಂತೂ ನಂಬಲಾರೆ.